ಒಂದು ಹೊಲ, ನಾಲ್ಕು ಭೇಟಿ: ಶಾಲಾ ಮಕ್ಕಳನ್ನು ರಾಗಿ ಹೊಲಕ್ಕೆ ಕರೆದೊಯ್ಯುವ ಬಗೆ

ತೋಟ ನೋಡುವ ಶಾಲಾ ಪ್ರವಾಸ ಎಂದರೆ ಸಾಮಾನ್ಯವಾಗಿ ಡಿಸೆಂಬರ್‌ನ ಒಂದು ದಿನ: ಗಾಡಿ ಸವಾರಿ, ಹಸುವಿನ ಜೊತೆ ಫೋಟೊ, ಊಟ, ವಾಪಸ್. ಅದೇ ಬಸ್ ಖರ್ಚನ್ನು ಹಂಚಿಕೊಂಡು ಒಂದೇ ರೈತರ ಹೊಲಕ್ಕೆ ವರ್ಷದಲ್ಲಿ ನಾಲ್ಕು ಸಲ ಹೋದರೆ ಮಕ್ಕಳು ಒಂದು ಬೆಳೆಯನ್ನು ಬಿತ್ತನೆಯಿಂದ ಮುದ್ದೆಯವರೆಗೆ ಕಾಣುತ್ತಾರೆ. ತುಮಕೂರು, ರಾಮನಗರ, ಮಂಡ್ಯ, ಕೋಲಾರದ ಕಡೆ ಇದಕ್ಕೆ ರಾಗಿಯಷ್ಟು ಒಗ್ಗುವ ಬೆಳೆ ಇನ್ನೊಂದಿಲ್ಲ. ಜುಲೈನಲ್ಲಿ ಬಿತ್ತಿ ಜನವರಿಯೊಳಗೆ ಒಕ್ಕಣೆ ಮುಗಿಯುವುದರಿಂದ ಶಾಲೆಯ ವರ್ಷದೊಳಗೇ ಪೂರ್ತಿ ಕೂರುತ್ತದೆ.

ಜೂನ್‌ನಲ್ಲೇ ರೈತರ ಬಳಿ ಮಾತಾಡಿ. ಬಸ್ಸಿನಲ್ಲಿ ಒಂದು ಗಂಟೆಗಿಂತ ದೂರದ ಹೊಲ ಬೇಡ. 40 ಮಕ್ಕಳಿಗೆ ಹೊಲದ ಅಂಚಿನಲ್ಲಿ ಅರ್ಧ ಗುಂಟೆ ಕೇಳಿದರೆ ಸಾಕು. ನೀವು ಹೋದ ದಿನ ಮನೆಯವರಿಬ್ಬರ ಕೆಲಸ ಕೆಡುತ್ತದೆ, ಆದ್ದರಿಂದ ಕನಿಷ್ಠ ಇಬ್ಬರ ದಿನಗೂಲಿಯನ್ನಾದರೂ ಊರಿನ ದರದಲ್ಲಿ ಕೊಡುವ ಮಾತು ಮೊದಲೇ ಆಗಲಿ. ಸಂಕೋಚಕ್ಕೆ ‘ಬನ್ನಿ ಸಾರ್’ ಎಂದವರು ಮೂರನೇ ಭೇಟಿಯ ಹೊತ್ತಿಗೆ ಬೇಸರಪಡುವುದು ಸಹಜ.

ಹೊಲ ಗೊತ್ತು ಮಾಡುವಾಗ ಎಲ್ಲಕ್ಕಿಂತ ಮೊದಲು ನೋಡಬೇಕಾದ್ದು ಕೃಷಿ ಹೊಂಡ. ಪ್ಲಾಸ್ಟಿಕ್ ಹಾಳೆ ಹೊದಿಸಿದ ಹೊಂಡದ ಇಳಿಜಾರು ಒದ್ದೆಯಾದರೆ ಪಾಚಿಗಟ್ಟಿ ಜಾರುತ್ತದೆ. ಈಜು ಬಲ್ಲ ದೊಡ್ಡವರೇ ಮೇಲೆ ಹತ್ತಲಾಗದೆ ಒದ್ದಾಡುತ್ತಾರೆ. ಸುತ್ತ ಬೇಲಿಯಿಲ್ಲದ ಹೊಂಡವಿದ್ದರೆ ಬೇರೆ ಹೊಲ ಹುಡುಕಿ. ಬೇಲಿ ಇದ್ದರೂ ಅಲ್ಲೊಬ್ಬ ಶಿಕ್ಷಕರು ನಿಂತೇ ಇರಬೇಕು, ಹೊಂಡಕ್ಕೆ ಕಟ್ಟಿದ ಹಗ್ಗವೊಂದು ಕೈಗೆ ಸಿಗುವಂತಿರಬೇಕು. ಪಕ್ಕದ ಹೊಲದಲ್ಲಿ ಟೊಮೆಟೊ, ಬೀನ್ಸ್ ಇದ್ದರೆ ಆ ವಾರ ಔಷಧಿ ಹೊಡೆದಿದ್ದಾರೆಯೇ ಎಂದು ಹಿಂದಿನ ಸಂಜೆ ಫೋನ್ ಮಾಡಿ ಕೇಳಿ. ಹತ್ತು ಮಕ್ಕಳಿಗೆ ಒಬ್ಬ ದೊಡ್ಡವರು, ಎಲ್ಲರ ಕಾಲಿಗೂ ಮುಚ್ಚಿದ ಶೂ. ಹತ್ತಿರದ ಯಾವ ಆಸ್ಪತ್ರೆಯಲ್ಲಿ ಹಾವಿನ ವಿಷಕ್ಕೆ ಔಷಧಿ ಇದೆ ಎಂಬುದನ್ನು ಮೊದಲೇ ವಿಚಾರಿಸಿಡಿ. ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಮಗುವನ್ನು ಅಲುಗಾಡಲು ಬಿಡದೆ ನೇರ ಆಸ್ಪತ್ರೆಗೆ, 108ಕ್ಕೆ ಕರೆ.

ಮೊದಲ ಭೇಟಿ, ಬಿತ್ತನೆ. ಸುಮಾರು 110 ದಿನದ ಜಿಪಿಯು-28, ಎಂಎಲ್-365ರಂಥ ತಳಿಗಳನ್ನು ಜುಲೈ ಎರಡನೇ ವಾರದಿಂದ ಬಿತ್ತಬಹುದು. ದಿನ ಯಾವುದು ಎಂದು ತೀರ್ಮಾನಿಸುವುದು ಮಳೆ, ಶಾಲೆಯ ಕ್ಯಾಲೆಂಡರ್ ಅಲ್ಲ. ಪೋಷಕರ ಒಪ್ಪಿಗೆ ಪತ್ರದಲ್ಲೇ ‘ಈ ವಾರದ ಯಾವುದಾದರೂ ಒಂದು ದಿನ’ ಎಂದು ಬರೆಯಿರಿ, ಬಸ್ಸಿನವರಿಗೂ ಹಾಗೆಯೇ ಹೇಳಿಡಿ. ಮಣ್ಣಿನ ಹದ ನೋಡುವುದನ್ನು ಮಕ್ಕಳಿಗೇ ಬಿಡಿ: ಒಂದು ಹಿಡಿ ಮಣ್ಣನ್ನು ಉಂಡೆ ಕಟ್ಟಿ ಸೊಂಟದ ಎತ್ತರದಿಂದ ಬೀಳಿಸಿದಾಗ ಒಡೆದು ಉದುರಿದರೆ ಹದ ಬಂದಿದೆ. ಹಾಗೇ ಕೂತರೆ ಇನ್ನೂ ತೇವ ಹೆಚ್ಚು, ಉಂಡೆಯೇ ಆಗದಿದ್ದರೆ ಒಣಗಿದೆ.

ಹತ್ತು ಮಕ್ಕಳ ಒಂದೊಂದು ಗುಂಪಿಗೆ 3 ಮೀಟರ್ ಉದ್ದ, 3 ಮೀಟರ್ ಅಗಲದ ಪಾತಿ. ಸಾಲಿನಿಂದ ಸಾಲಿಗೆ 30 ಸೆಂಟಿಮೀಟರ್ ಬಿಟ್ಟು ದಾರ ಕಟ್ಟಿದರೆ ಹತ್ತು ಸಾಲು, ಮಗುವಿಗೊಂದು. ಎಕರೆಗೆ 4 ಕಿಲೊ ಬೀಜದ ಲೆಕ್ಕದಲ್ಲಿ ಒಂದು ಸಾಲಿಗೆ ಬೀಳುವುದು ಒಂದು ಗ್ರಾಂ ಮಾತ್ರ. ಕೈಯಲ್ಲಿ ಹಿಡಿದರೆ ಕಂಡೂ ಕಾಣದಷ್ಟು, ಆದರೆ ಅದರಲ್ಲಿ ಮುನ್ನೂರಕ್ಕೂ ಹೆಚ್ಚು ಕಾಳಿರುತ್ತವೆ. ಹಾಗೇ ಕೊಟ್ಟರೆ ಮೊದಲ ಗೇಣಿನಲ್ಲೇ ಖಾಲಿ! ಜರಡಿ ಹಿಡಿದ ಒಣ ಗೊಬ್ಬರ ಒಂದು ಹಿಡಿಯ ಜೊತೆ ಬೆರೆಸಿ ಕೊಡಿ. ಸಾಲು ಮುಗಿಯುವವರೆಗೂ ಬರುತ್ತದೆ. ಬೆರಳಿನಲ್ಲಿ 2–3 ಸೆಂಟಿಮೀಟರ್ ಆಳದ ಗೆರೆ ತೆಗೆದು, ಉದುರಿಸಿ, ತೆಳ್ಳಗೆ ಮಣ್ಣು ಮುಚ್ಚಬೇಕು. ಆಳವಾದರೆ ಮೊಳಕೆ ಮೇಲೆ ಬರುವುದಿಲ್ಲ. ಮೇಲೇ ಉಳಿದರೆ ಇರುವೆ ಹೊತ್ತೊಯ್ಯುತ್ತದೆ. ಪಕ್ಕದಲ್ಲಿ ರೈತರು ಕೂರಿಗೆ (ಸಾಲಾಗಿ ಬೀಜ ಬಿತ್ತುವ ಸಾಧನ) ಹೂಡಿ ಬಿತ್ತುತ್ತಿದ್ದರೆ ಅಕ್ಕಡಿ ಸಾಲಿನಲ್ಲಿ, ಅಂದರೆ ರಾಗಿಯ ನಡುವೆ ಬೇರೆ ಬೆಳೆಗೆ ಬಿಡುವ ಸಾಲಿನಲ್ಲಿ, ಅವರೆ, ತೊಗರಿ ಬೀಳುವುದನ್ನು ತೋರಿಸಿ. ಪ್ರತಿ ಸಾಲಿನ ತುದಿಗೂ ಹೆಸರಿನ ಗೂಟ ಇರಲಿ.

ಎರಡನೇ ಭೇಟಿ 20ರಿಂದ 25ನೇ ದಿನದೊಳಗೆ. ತಡವಾದರೆ ಕಳೆ ಗೆಲ್ಲುತ್ತದೆ. ಕೆಲಸ ಎರಡು: ಕಳೆ ಕೀಳುವುದು, ಪೈರು ತೆಳುಮಾಡುವುದು. ರಾಗಿಯಂತೆಯೇ ಕಾಣುವ ಹುಲ್ಲೊಂದು ಇದೇ ಹೊಲದಲ್ಲಿ ಹುಟ್ಟುವುದರಿಂದ ಮಕ್ಕಳು ಹುಲ್ಲು ಬಿಟ್ಟು ರಾಗಿ ಕೀಳುವುದು ಮಾಮೂಲು. ಮೊದಲು ಸಾಲುಗಳ ನಡುವಿನದನ್ನು ಮಾತ್ರ ಕೀಳಿಸಿ, ಸಾಲಿನೊಳಗಿನದನ್ನು ಮನೆಯ ಹಿರಿಯರೊಬ್ಬರು ಪಕ್ಕದಲ್ಲಿ ಕೂತು ತೋರಿಸಲಿ. ಆಮೇಲೆ 10 ಸೆಂಟಿಮೀಟರ್‌ಗೆ ಒಂದರಂತೆ ಪೈರು ಉಳಿಸಿದರೆ ಸಾಲಿಗೆ ಸುಮಾರು 30 ಗಿಡ. ಮುನ್ನೂರು ಕಾಳಿಗೆ ಮೂವತ್ತೇ ಗಿಡ ಯಾಕೆ ಎಂಬ ಪ್ರಶ್ನೆ ಇಲ್ಲಿ ತಾನಾಗೇ ಬರುತ್ತದೆ. ಮೊಳೆಯದ ಕಾಳು, ಇರುವೆಯ ಪಾಲು, ಜೋರು ಮಳೆಗೆ ಮೇಲ್ಮಣ್ಣು ಹೆಪ್ಪುಗಟ್ಟಿ ಸತ್ತ ಮೊಳಕೆ, ಕೊನೆಗೆ ಈಗ ಕಿತ್ತದ್ದು: ಲೆಕ್ಕವನ್ನು ಅವರೇ ಮಾಡಲಿ. ಯಾರ ಸಾಲಿನಲ್ಲಿ ಬಯಲು ಬಿದ್ದಿದೆಯೋ ಅಲ್ಲಿಗೆ ಕಿತ್ತ ಪೈರನ್ನೇ ನೆಡಬಹುದು, ನೆಲ ಒದ್ದೆ ಇದ್ದರೆ ಹಿಡಿಯುತ್ತದೆ.

ತೆನೆ ಬರುವ ಹೊತ್ತಿಗೆ ದಸರಾ ರಜೆ. ರೈತರಿಂದ ವಾರಕ್ಕೊಂದು ಫೋಟೊ ತರಿಸಿಕೊಂಡರಾಯಿತು.

ಮೂರನೆಯದು ಕಟಾವು, ನವೆಂಬರ್ ಮಧ್ಯದಲ್ಲಿ. ತೆನೆ ಕಂದು ಬಣ್ಣಕ್ಕೆ ತಿರುಗಿ, ಕಾಳು ಉಗುರಿಗೆ ಗಟ್ಟಿ ಹತ್ತಬೇಕು. ಎಂಟನೇ ತರಗತಿಗಿಂತ ಕೆಳಗಿನವರ ಕೈಗೆ ಕುಡುಗೋಲು ಕೊಡಬೇಡಿ. ಕತ್ತರಿಯಲ್ಲಿ ತೆನೆಯಷ್ಟನ್ನೇ ಕತ್ತರಿಸಿ ಗುಂಪಿಗೊಂದು ಬಟ್ಟೆ ಚೀಲದಲ್ಲಿ ತುಂಬಲಿ. ಪ್ಲಾಸ್ಟಿಕ್ ಚೀಲದಲ್ಲಿ ಬೆವತು ಬೂಷ್ಟು ಹಿಡಿಯುತ್ತದೆ. ಶಾಲೆಯ ತಾರಸಿಯಲ್ಲಿ ನಾಲ್ಕೈದು ದಿನ ಒಣಗಿಸಿಡಿ.

ನಾಲ್ಕನೆಯದು ಜನವರಿಯಲ್ಲಿ, ಕಣಕ್ಕೆ. ಮಕ್ಕಳು ತಮ್ಮ ತೆನೆಯನ್ನು ಕೋಲಿನಿಂದ ಬಡಿದು, ಮೊರದಲ್ಲಿ ತೂರಿ, ತೂಕ ಹಾಕಲಿ. ತೂರುವವರು ಗಾಳಿಗೆ ಬೆನ್ನು ಕೊಟ್ಟು ನಿಲ್ಲಬೇಕು, ಉಬ್ಬಸ ಇರುವವರು ತಕ್ಕಡಿಯ ಕೆಲಸಕ್ಕೆ. ರಾಗಿಯ ಹೊಟ್ಟು ಮೈಗೆ ಹತ್ತಿದರೆ ಕಡಿತ ತಪ್ಪಿದ್ದಲ್ಲ, ತೋಳು ಮುಚ್ಚುವ ಅಂಗಿ ಹಾಕಿಸಿ. ಡಾಂಬರು ರಸ್ತೆಯ ಮೇಲೆ ಹರಡಿ ವಾಹನ ಓಡಿಸುವ ಒಕ್ಕಣೆ ನೋಡಲು ಮಾತ್ರ ಕರೆದೊಯ್ಯಬೇಡಿ. ಚೆನ್ನಾಗಿ ಬಂದ ಪಾತಿಯಲ್ಲಿ ಸುಮಾರು 2 ಕಿಲೊ ರಾಗಿ ಸಿಗುತ್ತದೆ, ಮಕ್ಕಳ ಪಾತಿಯಲ್ಲಿ ಅದರ ಅರ್ಧ ಬಂದರೂ ಗುಂಪಿನ ಮಕ್ಕಳಿಗೆ ತಲಾ ಒಂದು ಮುದ್ದೆಗೆ ಮೋಸವಿಲ್ಲ. ಕಲ್ಲು, ಮಣ್ಣು ಆರಿಸಿ ಮಿಲ್ಲಿಗೆ ಕಳಿಸುವಾಗ ಬೇರೆಯವರ ರಾಗಿ ಬೀಸಿದ ಮೇಲೆ ಹಾಕಲು ಹೇಳಿ. ಖಾರದಪುಡಿಯ ನಂತರ ಹಾಕಿದರೆ ಮುದ್ದೆ ತಿನ್ನಲಾಗುವುದಿಲ್ಲ.