ಒಂದೇ ಲೈಟು, ಒಂದು ರೂಮು: ನಾನು ಸ್ಟುಡಿಯೋ ಫ್ಲ್ಯಾಶ್ ಕಲಿತ ಬಗೆ

ಸ್ಟುಡಿಯೋ ಫ್ಲ್ಯಾಶ್ ತಗೋಬೇಕು ಅಂತ ಅಂಗಡಿಗೆ ಹೋದರೆ ಮೊದಲು ತೋರಿಸೋದು ಎರಡು ಲೈಟಿನ ಕಿಟ್. ಎರಡು ಹೆಡ್ಡು, ಎರಡು ಸಣಕಲು ಸ್ಟ್ಯಾಂಡು, ಎರಡು ಚಿಕ್ಕ ಸಾಫ್ಟ್‌ಬಾಕ್ಸು (ಬೆಳಕನ್ನು ಮೃದು ಮಾಡೋ ಬಟ್ಟೆಯ ಡಬ್ಬ), ಎಲ್ಲ ತುಂಬೋಕೆ ಒಂದು ಬ್ಯಾಗು. ಪೋರ್ಟ್ರೇಟ್ ಕಲಿಯೋಕೆ ಅದು ಬೇಡ ಅಂತಲೇ ನನ್ನ ಮಾತು. ಅದೇ ದುಡ್ಡಿನಲ್ಲಿ ಒಂದು ಲೈಟು, ಒಂದು ದೊಡ್ಡ ಸಾಫ್ಟ್‌ಬಾಕ್ಸು, ಅಲ್ಲಾಡದ ಒಂದು ಸ್ಟ್ಯಾಂಡು ತಗೊಳ್ಳಿ. ನಾನು ಶುರು ಮಾಡಿದ್ದು ಹಾಗೇ. ದಾವಣಗೆರೆಯಲ್ಲಿ ನಮ್ಮ ಮನೆ ಮಹಡಿ ಮೇಲೆ 10 ಅಡಿ ಅಗಲ, 14 ಅಡಿ ಉದ್ದದ ಒಂದು ರೂಮು ಖಾಲಿ ಇತ್ತು. ಅದರಲ್ಲೇ.

ಅದಕ್ಕೂ ಮೊದಲು ಮದುವೆ ಫೋಟೋಗ್ರಫಿ ಮಾಡುತ್ತಿದ್ದೆ. ಕ್ಯಾಮೆರಾ ತಲೆಮೇಲೆ ಸಣ್ಣ ಫ್ಲ್ಯಾಶು, ಅದನ್ನು ಚಪ್ಪರಕ್ಕೋ ಗೋಡೆಗೋ ತಿರುಗಿಸಿ ಹೊಡೆಯೋದು, ಅಷ್ಟೇ. ಅಲ್ಲಿ ಎಲ್ಲ ಆಟೋ. ಪುರೋಹಿತರು ನಮಗೋಸ್ಕರ ಕಾಯಲ್ಲ, ಆಟೋ ಇಲ್ಲದಿದ್ದರೆ ಆಗೋದೂ ಇಲ್ಲ. ಆದರೆ ರೂಮಿನಲ್ಲಿ ಒಬ್ಬರನ್ನು ಕೂರಿಸಿಕೊಂಡಾಗ ಲೆಕ್ಕವೇ ಬೇರೆ. ಏನೂ ಓಡಿಹೋಗಲ್ಲ. ಹಾಗಾಗಿ ಕ್ಯಾಮೆರಾವನ್ನೂ ಮ್ಯಾನುಯಲ್‌ಗೆ ಹಾಕಿದೆ, ಲೈಟನ್ನೂ ಮ್ಯಾನುಯಲ್‌ಗೆ ಹಾಕಿದೆ. ಇದರಿಂದ ಇನ್ನೊಂದು ಲಾಭವೂ ಇದೆ, ಯಾರೂ ಹೇಳೋದಿಲ್ಲ: ಟಿಟಿಎಲ್‌ನಲ್ಲಿ, ಅಂದರೆ ಫ್ಲ್ಯಾಶ್ ಎಷ್ಟು ಬೇಕು ಅಂತ ಕ್ಯಾಮೆರಾವೇ ಲೆಕ್ಕ ಹಾಕೋ ಆಟೋದಲ್ಲಿ, ಅಳತೆ ತೆಗೆಯೋಕೆ ಮೊದಲು ಒಂದು ಸಣ್ಣ ಫ್ಲ್ಯಾಶ್ ಹೊಡೆಯುತ್ತದೆ. ಕೆಲವರ ಕಣ್ಣು ಅದಕ್ಕೇ ಮುಚ್ಚಿಕೊಳ್ಳುತ್ತದೆ, ನಿಜವಾದ ಫ್ಲ್ಯಾಶ್ ಬರೋ ಹೊತ್ತಿಗೆ ರೆಪ್ಪೆ ಅರ್ಧ ಕೆಳಗೆ. ಮ್ಯಾನುಯಲ್‌ನಲ್ಲಿ ಆ ಮೊದಲ ಮಿಂಚೇ ಇಲ್ಲ. ಬೆಳಕು ಬಂದು ಹೋದ ಮೇಲೆ ರೆಪ್ಪೆ ಬಡಿಯುತ್ತಾರೆ, ಬಡಿಯಲಿ ಬಿಡಿ.

ಲೈಟು ಕೊಳ್ಳುವಾಗ ಎಲ್ಲರೂ ನೋಡೋದು ದೊಡ್ಡ ನಂಬರ್, ಅಂದರೆ ಪವರ್. 300 ವಾಟ್-ಸೆಕೆಂಡ್, 400, 600. ಚಿಕ್ಕ ರೂಮಿನವರು ನೋಡಬೇಕಾದ್ದು ಉಲ್ಟಾ, ಎಷ್ಟು ಕಡಿಮೆಗೆ ಇಳಿಯುತ್ತದೆ ಅಂತ. ಗೋಡಾಕ್ಸ್‌ನ ಎಸ್‌ಕೆ 400 ಎರಡನೇ ಮಾದರಿ ಇದೆಯಲ್ಲ, ಅದು ಪೂರ್ತಿ ಪವರ್‌ನಿಂದ 1/16ರವರೆಗೆ ಇಳಿಯುತ್ತದೆ. ಅಂದರೆ ಕಡಿಮೆ ಅಂದರೂ 25 ವಾಟ್-ಸೆಕೆಂಡ್. ಸಾಫ್ಟ್‌ಬಾಕ್ಸ್ ಮುಖದಿಂದ 3 ಅಡಿ ದೂರದಲ್ಲಿ ಇಟ್ಟರೆ ಎಫ್ 8ಕ್ಕೆ ಅದು ಧಾರಾಳ (ಎಫ್ ನಂಬರ್ ಅಂದರೆ ಅಪರ್ಚರ್, ಲೆನ್ಸಿನ ಬಾಯಿಯ ಅಳತೆ; ನಂಬರ್ ಚಿಕ್ಕದಾದಷ್ಟೂ ಬಾಯಿ ದೊಡ್ಡದು). ಆದರೆ ಎಫ್ 2.8ರಲ್ಲಿ ಹಿಂದಿನದೆಲ್ಲ ಮಸುಕಾಗಿ ಬರಲಿ ಅಂತ ಆಸೆಪಟ್ಟರೆ ಮುಖ ಸುಣ್ಣ ಬಳಿದ ಹಾಗೆ ಬಿಳಿಚಿಕೊಳ್ಳುತ್ತದೆ. ಆಗ ಲೆನ್ಸ್ ಮುಂದೆ ಬೆಳಕು ತಗ್ಗಿಸೋ ಎನ್‌ಡಿ 8 ಫಿಲ್ಟರ್ ಹಾಕಬೇಕು, ಅದು ಮೂರು ಸ್ಟಾಪ್ ತಿನ್ನುತ್ತದೆ (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧ, ಏರಿದರೆ ಎರಡರಷ್ಟು), ಎಫ್ 8ರಿಂದ 2.8ಕ್ಕೆ ಬರೋಕೆ ಬೇಕಾದಷ್ಟೇ. ಗೋಡಾಕ್ಸ್‌ನದೇ ಎಡಿ 200 ತರಹದ ಬ್ಯಾಟರಿ ಲೈಟು 1/128ರವರೆಗೆ ಇಳಿಯುತ್ತದೆ, ಕರೆಂಟ್ ಹೋದರೂ ಯೋಚನೆ ಇಲ್ಲ, ಬೆಲೆ ಮಾತ್ರ ಜಾಸ್ತಿ. ಯಾವುದೇ ತಗೊಳ್ಳಿ, ಮುಂದೆ ಸಾಫ್ಟ್‌ಬಾಕ್ಸ್ ಸಿಕ್ಕಿಸೋಕೆ ಬೋವೆನ್ಸ್ ಮೌಂಟ್ ಇರಲಿ, ಅಥವಾ ಅದಕ್ಕೆ ಅಡಾಪ್ಟರ್ ಸಿಗಲಿ. ಬೋವೆನ್ಸ್ ಕಂಪನಿ 2017ರಲ್ಲೇ ಬಾಗಿಲು ಹಾಕಿತು, ಆದರೆ ಅದರ ಮೌಂಟ್ ಇವತ್ತಿಗೂ ಎಲ್ಲ ಕಡೆ ನಡೆಯುತ್ತದೆ. ಸಾಫ್ಟ್‌ಬಾಕ್ಸ್ ಹುಡುಕಿಕೊಂಡು ಊರೂರು ಅಲೆಯೋದು ತಪ್ಪುತ್ತದೆ.

ಹಳೇ ಸ್ಟುಡಿಯೋದವರು ಮುಚ್ಚುವಾಗ ಲೈಟುಗಳನ್ನು ಅಗ್ಗಕ್ಕೆ ಕೊಡುತ್ತಾರೆ. ತಗೋಬಾರದು ಅಂತೇನಿಲ್ಲ. ಆದರೆ ಹಳೆಯ ಕೆಲವು ಫ್ಲ್ಯಾಶ್‌ಗಳ ಸಿಂಕ್ ಕಾರ್ಡ್‌ನಲ್ಲಿ (ಕ್ಯಾಮೆರಾಕ್ಕೆ ಜೋಡಿಸೋ ವೈರ್) ನೂರಾರು ವೋಲ್ಟ್ ಇರುತ್ತದೆ. ಅದನ್ನು ನೇರವಾಗಿ ಈಗಿನ ಡಿಜಿಟಲ್ ಕ್ಯಾಮೆರಾಕ್ಕೆ ಚುಚ್ಚಿದರೆ ಕ್ಯಾಮೆರಾ ಸುಟ್ಟು ಹೋಗಬಹುದು. ನಡುವೆ ವೈರಿಲ್ಲದೆ ಫ್ಲ್ಯಾಶ್ ಹೊಡೆಸೋ ವೈರ್‌ಲೆಸ್ ಟ್ರಿಗರ್ ಹಾಕಿ, ಅದು ಎಷ್ಟು ವೋಲ್ಟ್ ತಡೆಯುತ್ತದೆ ಅಂತಲೂ ನೋಡಿಕೊಳ್ಳಿ. ಇನ್ನು ಕೆಟ್ಟು ಹೋಯಿತು ಅಂತ ಬಿಚ್ಚೋಕೆ ಹೋಗಲೇಬೇಡಿ. ಒಳಗಿನ ಕೆಪ್ಯಾಸಿಟರ್ ಪ್ಲಗ್ ಕಿತ್ತ ಮೇಲೂ ಚಾರ್ಜ್ ಹಿಡಿದುಕೊಂಡಿರುತ್ತದೆ. ಪ್ರಾಣಕ್ಕೇ ಕುತ್ತು.

ಸರಿ, ಈಗ ಮೊದಲ ಫೋಟೋ. ನಾನು ಪ್ರತಿ ಸಲ ಶುರು ಮಾಡೋದು ಇಲ್ಲಿಂದ: ಐಎಸ್‌ಒ 100, ಶಟರ್ 1/125, ಎಫ್ 8, ವೈಟ್ ಬ್ಯಾಲೆನ್ಸ್ ಫ್ಲ್ಯಾಶ್‌ನ ಗುರುತಿಗೆ ಅಥವಾ 5500 ಕೆಲ್ವಿನ್‌ಗೆ. ಲೈಟು ಆಫ್ ಇಟ್ಟು ಒಂದು ಫೋಟೋ ತೆಗೆಯುತ್ತೇನೆ. ಅದು ಕಪ್ಪಗೆ ಬರಬೇಕು. ಪೂರ್ತಿ ಕಪ್ಪು. ಟ್ಯೂಬ್‌ಲೈಟ್, ಕಿಟಕಿ ಬೆಳಕು ಯಾವುದೂ ಫೋಟೋದಲ್ಲಿ ಇಲ್ಲ ಅನ್ನೋದಕ್ಕೆ ಅದೇ ಸಾಕ್ಷಿ. ಹೊಸಬರು ಆ ಕಪ್ಪು ಫೋಟೋ ನೋಡಿ ಗಾಬರಿ ಬೀಳುತ್ತಾರೆ. ನನಗೆ ಅದು ಒರೆಸಿದ ಸ್ಲೇಟು. ಇನ್ನು ಮೇಲೆ ಅಲ್ಲಿ ಬರೋ ಪ್ರತಿ ಬೆಳಕೂ ನಾನೇ ಹಾಕಿದ್ದು. ಆಮೇಲೆ ಲೈಟು ಆನ್ ಮಾಡಿ, ಕಡಿಮೆ ಪವರ್‌ನಿಂದ ಒಂದೊಂದೇ ಸ್ಟಾಪ್ ಏರಿಸುತ್ತಾ ಹೋಗುತ್ತೇನೆ. ಹಣೆ ಮೇಲೆ, ಮೂಗಿನ ತುದಿ ಮೇಲೆ ಸ್ಕ್ರೀನಿನಲ್ಲಿ ಹೈಲೈಟ್ (ಬೆಳಕು ಮಿತಿ ಮೀರಿದ ಜಾಗ) ಮಿಣುಕೋಕೆ ಶುರುವಾದರೆ ಅರ್ಧ ಸ್ಟಾಪ್ ಹಿಂದಕ್ಕೆ. ಲೈಟ್ ಮೀಟರ್ ಇದ್ದರೆ ಒಳ್ಳೇದು, ಇಲ್ಲದಿದ್ದರೂ ನಡೆಯುತ್ತದೆ.

ಇಲ್ಲಿ ತಲೆಗೆ ಹೋಗಬೇಕಾದ ವಿಷಯ ಒಂದಿದೆ. ಶಟರ್ ಸ್ಪೀಡ್ ಬದಲಿಸಿದರೆ ಫ್ಲ್ಯಾಶ್ ಬೆಳಕು ಹೆಚ್ಚು ಕಡಿಮೆ ಆಗಲ್ಲ. ಫ್ಲ್ಯಾಶ್ ಹೊತ್ತಿ ಆರೋದು ಸುಮಾರು ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ. ಶಟರ್ 1/125 ಆಗಲಿ 1/60 ಆಗಲಿ, ಅಷ್ಟು ಹೊತ್ತು ಅದು ಪೂರ್ತಿ ತೆರೆದೇ ಇರುತ್ತದೆ. ಹೆಚ್ಚು ಹೊತ್ತು ತೆರೆದಿಟ್ಟರೆ ಒಳಗೆ ಬರೋದು ರೂಮಿನ ಬೆಳಕು ಮಾತ್ರ. ಫ್ಲ್ಯಾಶ್ ಬೆಳಕಿಗೆ ಅಪರ್ಚರ್, ಐಎಸ್‌ಒ, ಪವರ್, ದೂರ. ರೂಮಿನ ಬೆಳಕಿಗೆ ಅಪರ್ಚರ್, ಐಎಸ್‌ಒ, ಜೊತೆಗೆ ಶಟರ್. ಇದು ಅರ್ಥ ಆದ ದಿನ ಹೊರಗಡೆ ಸಂಜೆ ಹೊತ್ತಿನ ಫ್ಲ್ಯಾಶ್ ಫೋಟೋಗಳೂ ಒಟ್ಟಿಗೇ ಅರ್ಥ ಆದವು.

ಆದರೆ ಫ್ಲ್ಯಾಶ್ ಜೊತೆ ಶಟರ್ ಎಷ್ಟು ವೇಗಕ್ಕೆ ಹೋಗಬಹುದು ಅನ್ನೋದಕ್ಕೂ ಒಂದು ಮಿತಿ ಇದೆ. ಕ್ಯಾನನ್ 200ಡಿಯಲ್ಲಿ 1/200, ಕ್ಯಾನನ್ 6ಡಿಯಲ್ಲಿ 1/180, ನಿಕಾನ್ ಡಿ7500ರಲ್ಲಿ 1/250. ಅದನ್ನು ದಾಟಿದರೆ ಫೋಟೋದ ಒಂದು ಅಂಚಿಗೆ ಕಪ್ಪು ಪಟ್ಟಿ ಬರುತ್ತದೆ, ಅದು ಶಟರಿನ ಪರದೆಯ ನೆರಳು. ಅಗ್ಗದ ಟ್ರಿಗರ್‌ಗಳು ಒಂಚೂರು ತಡ ಮಾಡುತ್ತವೆ, ಅದಕ್ಕೇ ನಾನು 1/125ರಲ್ಲಿ ಹಾಯಾಗಿದ್ದೇನೆ. ಮಿರರ್‌ಲೆಸ್ ಇರೋರಿಗೆ ಇನ್ನೊಂದು ತಾಪತ್ರಯ: ಈ ಸೆಟ್ಟಿಂಗ್ ಹಾಕಿದ ಕೂಡಲೇ ವ್ಯೂಫೈಂಡರ್ ಕಗ್ಗತ್ತಲು. ಕ್ಯಾಮೆರಾ ಕೆಟ್ಟಿಲ್ಲ. ರೂಮಿನ ಬೆಳಕಿನಲ್ಲಿ ಫೋಟೋ ಹೇಗೆ ಬರುತ್ತೋ ಹಾಗೇ ತೋರಿಸುತ್ತಿದೆ ಅಷ್ಟೇ. ಕ್ಯಾನನ್‌ನಲ್ಲಿ ಎಕ್ಸ್‌ಪೋಷರ್ ಸಿಮ್ಯುಲೇಷನ್ ಅಂತ, ಸೋನಿಯಲ್ಲಿ ಲೈವ್ ವ್ಯೂ ಡಿಸ್‌ಪ್ಲೇ ಅಂತ ಮೆನುವಿನಲ್ಲಿ ಇರುತ್ತದೆ, ಅದನ್ನು ಆಫ್ ಮಾಡಿದರೆ ಸರಿಹೋಗುತ್ತದೆ.

ಇಷ್ಟು ಆದ ಮೇಲೆ ಉಳಿಯೋದು ಲೈಟನ್ನು ಎಲ್ಲಿ ಇಡೋದು ಅನ್ನೋದು. ಕಲಿಕೆ ಎಲ್ಲ ಇರೋದು ಇಲ್ಲೇ ನೋಡಿ.

ನಾನು ಸಾಫ್ಟ್‌ಬಾಕ್ಸನ್ನು ಮುಖದ ಒಂದು ಪಕ್ಕಕ್ಕೆ ಸುಮಾರು 45 ಡಿಗ್ರಿಯಲ್ಲಿ, ತಲೆಗಿಂತ ಸ್ವಲ್ಪ ಮೇಲೆ, ಕೆಳಮುಖವಾಗಿ ಬಾಗಿಸಿ ಇಡುತ್ತೇನೆ. ದೂರ ಎಷ್ಟು ಅಂದರೆ ಸಾಫ್ಟ್‌ಬಾಕ್ಸಿನ ಅಗಲದಷ್ಟೇ. ನನ್ನದು 95 ಸೆಂಟಿಮೀಟರ್‌ನ ಎಂಟು ಮೂಲೆಯದು, ಹಾಗಾಗಿ ಸುಮಾರು 3 ಅಡಿ. ಹತ್ತಿರ ತಂದಷ್ಟೂ ಬೆಳಕು ಮೃದು, ದೂರ ಒಯ್ದಷ್ಟೂ ನೆರಳು ಚೂಪು. ಸುಮಾರು ಜನ ಇದನ್ನು ಉಲ್ಟಾ ತಿಳಿದಿರುತ್ತಾರೆ, ಲೈಟು ಹತ್ತಿರ ಬಂದರೆ ಕಣ್ಣಿಗೆ ಹೊಡೆಯುತ್ತೆ, ದೂರ ಇಡಿ ಅಂತಾರೆ. ಪವರ್ ಇಳಿಸಿ ಹತ್ತಿರ ತನ್ನಿ, ಆಮೇಲೆ ಗಲ್ಲದ ಕೆಳಗಿನ ನೆರಳಿನ ಅಂಚು ನೋಡಿ.

ದೂರದ ಲೆಕ್ಕ ಇನ್ನೂ ಮಜಾ ಇದೆ. ದೂರ ಎರಡರಷ್ಟಾದರೆ ಬೆಳಕು ಅರ್ಧ ಆಗಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ, ಅಂದರೆ ಎರಡು ಸ್ಟಾಪ್. ನನ್ನ ರೂಮಿನ ಹಿಂದಿನ ಗೋಡೆ ಬಿಳಿ. ಲೈಟು ಮುಖಕ್ಕೆ 2 ಅಡಿ, ಗೋಡೆಗೆ 8 ಅಡಿ ಇದ್ದರೆ ಗೋಡೆಗೆ ಬೀಳೋದು ಹದಿನಾರನೇ ಒಂದು ಭಾಗ. ನಾಲ್ಕು ಸ್ಟಾಪ್ ಕಡಿಮೆ. ಬಿಳಿ ಗೋಡೆ ಫೋಟೋದಲ್ಲಿ ಕಡು ಬೂದು ಬಣ್ಣಕ್ಕೆ ತಿರುಗುತ್ತದೆ. ಅದೇ ಲೈಟು ಮುಖದಿಂದ 8 ಅಡಿ ದೂರ, ಗೋಡೆಯಿಂದ 12 ಅಡಿ ದೂರ ಆದರೆ ವ್ಯತ್ಯಾಸ ಒಂದು ಸ್ಟಾಪ್ ಚಿಲ್ಲರೆ ಅಷ್ಟೇ, ಗೋಡೆ ತಿಳಿ ಬೂದು. ಬಟ್ಟೆ ಅಂಗಡಿಯಲ್ಲಿ ಬಣ್ಣಬಣ್ಣದ ಬ್ಯಾಕ್‌ಗ್ರೌಂಡ್ ಕೊಳ್ಳೋ ಮೊದಲು ಒಂದೇ ಗೋಡೆಯಲ್ಲಿ ಎಷ್ಟು ಬಣ್ಣ ಸಿಗುತ್ತೆ ಅಂತ ನೋಡಿದರೆ ದುಡ್ಡು ಉಳಿಯುತ್ತದೆ.

ಚಿಕ್ಕ ರೂಮಿನ ತೊಂದರೆ ಬಿಳಿ ಗೋಡೆಗಳೇ. ಬೆಳಕು ಎಲ್ಲ ಕಡೆಯಿಂದ ವಾಪಸ್ ಬಂದು ನೆರಳನ್ನು ತುಂಬಿಬಿಡುತ್ತದೆ, ಮುಖ ಚಪ್ಪಟೆ ಕಾಣುತ್ತದೆ. ಸಾಫ್ಟ್‌ಬಾಕ್ಸ್ ಬದಲು ಲೈಟಿಗೆ ಛತ್ರಿ ಹಾಕಿದರಂತೂ ಕೇಳೋದೇ ಬೇಡ, ಅದು ಬೆಳಕನ್ನು ರೂಮಿಗೆಲ್ಲ ಚೆಲ್ಲುತ್ತದೆ. ಪಾಸ್‌ಪೋರ್ಟ್ ಫೋಟೋಕ್ಕೆ ಎಡಕ್ಕೊಂದು ಬಲಕ್ಕೊಂದು ಛತ್ರಿ ಇಡೋದು ಸರಿ, ಅಲ್ಲಿ ಮುಖದ ಮೇಲೂ ಹಿಂದೆಯೂ ನೆರಳು ಇರಲೇಬಾರದು. ಪೋರ್ಟ್ರೇಟ್‌ಗೆ ನೆರಳು ಬೇಕು. ನಾನು ಮಾಡಿದ್ದು: ಮುಖದ ಇನ್ನೊಂದು ಪಕ್ಕಕ್ಕೆ ಒಂದು ಕರಿ ಕಂಬಳಿ ತೂಗುಹಾಕಿದೆ. ಚಳ್ಳಕೆರೆ ಕಡೆಯ ಕುರಿ ಉಣ್ಣೆಯದು, ಮನೆಯಲ್ಲೇ ಇತ್ತು. ಕರಿ ಬಟ್ಟೆಯೂ ಆಗುತ್ತೆ, ಆದರೆ ಹೊಳಪಿರೋ ಬಟ್ಟೆ ಬೇಡ. ಉಣ್ಣೆ ಬೆಳಕನ್ನು ಹಾಗೇ ನುಂಗುತ್ತದೆ. ನೆರಳು ಜಾಸ್ತಿ ಆಯಿತು ಅನ್ನಿಸಿದರೆ ಅದೇ ಜಾಗಕ್ಕೆ ಥರ್ಮೊಕೋಲ್ ಶೀಟು. ಹತ್ತಿರ ತಂದರೆ ನೆರಳು ತಿಳಿಯಾಗುತ್ತದೆ, ಒಂದಡಿ ಸರಿಸಿದರೆ ಗಾಢವಾಗುತ್ತದೆ. ಕಂಬಳಿ ಮತ್ತು ಥರ್ಮೊಕೋಲ್ ಎರಡರಲ್ಲಿ ನಾನು ತುಂಬಾ ದಿನ ಎರಡನೇ ಲೈಟಿನ ಯೋಚನೆಯನ್ನೇ ಮಾಡಲಿಲ್ಲ.

ಸೀಲಿಂಗ್ ಫ್ಯಾನ್ ಬಗ್ಗೆ ಯಾವ ವಿಡಿಯೋದಲ್ಲೂ ಹೇಳಲ್ಲ, ಯಾಕಂದರೆ ಅವರ ಸ್ಟುಡಿಯೋಗಳಲ್ಲಿ ಫ್ಯಾನೇ ಇರಲ್ಲ. ನಮ್ಮಲ್ಲಿ ಸ್ಟ್ಯಾಂಡ್ ಎತ್ತಿದರೆ ಸಾಫ್ಟ್‌ಬಾಕ್ಸಿನ ಮೇಲಂಚು ಹೋಗಿ ಫ್ಯಾನಿನ ರೆಕ್ಕೆ ಹತ್ತಿರ ನಿಲ್ಲುತ್ತದೆ. ಲೈಟು ಇಡೋ ಮೊದಲು ಸ್ವಿಚ್ ಆಫ್ ಮಾಡಿ ಅದರ ಮೇಲೆ ಟೇಪ್ ಅಂಟಿಸಿಬಿಡಿ, ಸೆಕೆ ಅಂತ ಯಾರೋ ಹಾಕಿಬಿಡುತ್ತಾರೆ. ಸ್ಟ್ಯಾಂಡಿನ ಕಾಲಿಗೆ ಭಾರ ಬೇಕು. ಮರಳು ತುಂಬಿದ ಚೀಲ ಸಾಕು, ಅಕ್ಕಿಯ ಬ್ಯಾಗಿನಲ್ಲಿ ತುಂಬಿ ಹೊಲಿಸಿದ್ದು ನನ್ನದು.

ಎದುರು ಮನೆ ಅಜ್ಜಿಯ ಫೋಟೋ ತೆಗೆದದ್ದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕಂದರೆ ಬರಬಹುದಾದ ತಲೆನೋವು ಎಲ್ಲವೂ ಅವರೊಬ್ಬರಲ್ಲೇ ಇದ್ದವು. ಇಳಕಲ್ ಸೀರೆ, ಹರಳಿನ ಮೂಗುಬೊಟ್ಟು, ದಪ್ಪ ಕನ್ನಡಕ. ಮೊದಲ ಫ್ಲ್ಯಾಶ್‌ಗೇ ಅವರು, "ಏನಪ್ಪಾ ಇದು, ಸಿಡ್ಲು ಬಡಿದಂಗಾತು!" ಅಂದರು. "ಇನ್ನೂ ನಾಲ್ಕು ಬಡೀತದೆ ಅಜ್ಜಿ, ಕೂತ್ಕೊಳ್ರಿ" ಅಂದೆ. ಫೋಟೋದಲ್ಲಿ ಕಣ್ಣೇ ಇಲ್ಲ, ಎರಡೂ ಗಾಜಿನಲ್ಲಿ ಬಿಳಿ ಸಾಫ್ಟ್‌ಬಾಕ್ಸ್. ಬೆಳಕು ಗಾಜಿಗೆ ಯಾವ ಕೋನದಲ್ಲಿ ಬಡಿಯುತ್ತದೋ ಅದೇ ಕೋನದಲ್ಲಿ ಹೊರಡುತ್ತದೆ, ಅದು ಲೆನ್ಸಿಗೆ ಬರದ ಹಾಗೆ ಮಾಡಬೇಕು ಅಷ್ಟೇ. ಫ್ಲ್ಯಾಶ್‌ನಲ್ಲೇ ಇರೋ, ಆರದೆ ಉರಿಯೋ ಮಾಡೆಲಿಂಗ್ ಲ್ಯಾಂಪ್ ಹಾಕಿ ಲೈಟನ್ನು ಮೇಲೆತ್ತಿದೆ, ಇನ್ನಷ್ಟು ಪಕ್ಕಕ್ಕೆ ಸರಿಸಿದೆ, ಗಾಜಿನ ಬಿಳಿ ಮೇಲಂಚಿಗೆ ಜಾರೋದು ಕಣ್ಣಿಗೇ ಕಾಣುತ್ತಿತ್ತು. ಉಳಿದ ಚೂರಿಗೆ ಕನ್ನಡಕದ ಕಡ್ಡಿಯನ್ನು ಕಿವಿ ಮೇಲೆ ಸ್ವಲ್ಪ ಎತ್ತಿ ಕೂರಿಸಿದೆ. ಗಾಜು ಕೆಳಕ್ಕೆ ಬಾಗಿತು, ಬಿಳಿ ಹೋಯಿತು, ಕಣ್ಣು ಬಂತು. ಮೂಗುಬೊಟ್ಟಿನ ಹೊಳಪನ್ನು ಹಾಗೇ ಬಿಟ್ಟೆ. ಅದು ಹೊಳೆಯೋಕೆ ಅಂತಲೇ ಇರೋದು ಅಲ್ವಾ.

ಆಮೇಲೆ ಅವರ ಮಗಳು ಬಂದು, "ಅವ್ವನ್ನ ಸ್ವಲ್ಪ ಬೆಳ್ಳಗೆ ಮಾಡಿಕೊಡಪ್ಪಾ" ಅಂದರು. ಈ ಮಾತು ಕೇಳದ ಫೋಟೋಗ್ರಾಫರ್ ನಮ್ಮಲ್ಲಿ ಇಲ್ಲ. ನಾನು ಮಾಡಲ್ಲ. ಕಪ್ಪು ಮೈಬಣ್ಣಕ್ಕೆ ಪವರ್ ಏರಿಸಿದರೆ ಚರ್ಮ ಬೂದಿ ಬಡಿದ ಹಾಗೆ ಕಾಣುತ್ತದೆ. ಅದಕ್ಕೆ ಬೇಕಾದ್ದು ದೊಡ್ಡ ಲೈಟು ಪಕ್ಕದಿಂದ, ಆಗ ಕೆನ್ನೆಯೆಲುಬಿನ ಮೇಲೆ, ಹಣೆಯ ಮೇಲೆ ಒಂದು ನಯವಾದ ಹೊಳಪು ಹರಡಿಕೊಳ್ಳುತ್ತದೆ, ಮುಖದ ಆಕಾರ ಎದ್ದು ಬರುತ್ತದೆ. ಜಿಡ್ಡಿನ ಹೊಳಪು ಬೇರೆ, ಅದನ್ನು ಟಿಶ್ಯೂ ಒತ್ತಿ ತೆಗೆಯಬೇಕು. ಒರೆಸಬೇಡಿ, ಒತ್ತಿ. ಪ್ರಿಂಟ್ ನೋಡಿದ ಮೇಲೆ ಮಗಳು ಮತ್ತೆ ಆ ಮಾತು ಎತ್ತಲಿಲ್ಲ.

ಇನ್ನು ಲೆನ್ಸ್. ಕ್ರಾಪ್ ಸೆನ್ಸಾರ್ (ಫುಲ್ ಫ್ರೇಮ್‌ಗಿಂತ ಚಿಕ್ಕ ಸೆನ್ಸಾರ್) ಕ್ಯಾಮೆರಾಕ್ಕೆ 50 ಎಂಎಂ ಸಾಕು. 85 ಹಾಕಿದರೆ 14 ಅಡಿ ರೂಮಿನಲ್ಲಿ ಅರ್ಧ ಮೈ ತೆಗೆಯೋಕೆ ಬಾಗಿಲ ಹೊರಗೆ ನಿಲ್ಲಬೇಕಾಗುತ್ತದೆ.

ಎರಡನೇ ಲೈಟು ಯಾವಾಗ ಬೇಕು ಅಂತ ರೂಮೇ ಹೇಳುತ್ತದೆ. ನನಗೆ ಅದು ಬೇಕಾದದ್ದು ಕೂದಲಿಗೆ. ನಮ್ಮವರದು ಕರಿ ಕೂದಲು, ಹಿಂದೆ ಕಡು ಬಣ್ಣ ಇದ್ದರೆ ತಲೆ ಎಲ್ಲಿ ಮುಗಿಯಿತು, ಹಿನ್ನೆಲೆ ಎಲ್ಲಿ ಶುರುವಾಯಿತು ಅಂತ ಗೊತ್ತಾಗಲ್ಲ. ಹಿಂದಿನಿಂದ, ಮೇಲಿನಿಂದ, ಬೆಳಕು ಹರಡದ ಹಾಗೆ ತಡೆಯೋ ಜೇನುಗೂಡಿನಂಥ ಗ್ರಿಡ್ ಹಾಕಿದ ಸಣ್ಣ ಲೈಟು ಒಂದು ಬಿದ್ದರೆ ಜಡೆಯ ಅಂಚು ಬಿಡಿಸಿಕೊಂಡು ಬರುತ್ತದೆ. ಟ್ರಿಗರ್‌ನಲ್ಲಿ ಎರಡನ್ನೂ ಒಂದೇ ಚಾನೆಲ್‌ಗೆ, ಬೇರೆ ಬೇರೆ ಗ್ರೂಪ್‌ಗೆ ಹಾಕಿಕೊಳ್ಳಿ. ಮುಖದ ಲೈಟು ಆಫ್ ಮಾಡಿ ಕೂದಲಿನದು ಒಂದೇ ಹೊಡೆದು ನೋಡಿ. ಕೂದಲು, ಭುಜ ಬಿಟ್ಟು ಮೂಗಿನ ಮೇಲೋ ಲೆನ್ಸಿನ ಗಾಜಿಗೋ ಬೆಳಕು ಬಿದ್ದಿದ್ದರೆ ಲೈಟನ್ನು ಹಿಂದಕ್ಕೆ ತಿರುಗಿಸಿ, ಆಮೇಲೆ ಮುಖದ್ದು ಆನ್ ಮಾಡಿ.