ಐಫೋನಾ, ನಥಿಂಗಾ? ಮೊದಲು ಬಿಸಿಲಿಗೆ ಹಿಡಿದು ನೋಡಿ

'ಅಣ್ಣಾ, ನಥಿಂಗ್ ಫೋನ್ ತಗೊಳ್ಳಲಾ, ಐಫೋನ್ ತಗೊಳ್ಳಲಾ?' ಅಂತ ನಮ್ಮ ಕಾಕಾನ ಮಗ ಕೇಳಿದ. ನಥಿಂಗ್ ಅಂದ್ರೆ ಆಂಡ್ರಾಯ್ಡ್ ಫೋನ್ ಮಾಡುವ ಒಂದು ಕಂಪನಿ. ಇಬ್ಬರೂ ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯ ಫೋನ್ ಅಂಗಡಿಗೆ ಹೋದೆವು.

ಅಂಗಡಿಯ ಎಸಿಯಲ್ಲಿ ಎರಡೂ ಚೆಂದವೇ. ಡೆಮೊ ಫೋನ್ ಕೇಳಿ ಇಸ್ಕೊಂಡು ಬಾಗಿಲ ಹೊರಗೆ ಹಿಡಿಯಿರಿ. ಮಧ್ಯಾಹ್ನದ ಬಿಸಿಲಲ್ಲಿ ವಾಟ್ಸಾಪ್ ಓದಲು ಆಗುತ್ತಾ? ಐದು ನಿಮಿಷ ವಿಡಿಯೋ ಮಾಡಿ, ಬೆನ್ನು ಮುಟ್ಟಿ ನೋಡಿ. ಐಫೋನನ್ನು 35 ಡಿಗ್ರಿ ಒಳಗೆ ಬಳಸಿ ಅಂತ ಆಪಲ್‌ನವರೇ ಹೇಳುತ್ತಾರೆ. ನಮ್ಮಲ್ಲಿ ಮೇ ತಿಂಗಳು 40 ದಾಟುತ್ತದೆ, ಅಲ್ವಾ! ಜಾಸ್ತಿ ಕಾದರೆ ಸ್ಕ್ರೀನ್ ಮಬ್ಬಾಗುತ್ತದೆ, ಚಾರ್ಜಿಂಗ್ ನಿಲ್ಲುತ್ತದೆ. ಆಂಡ್ರಾಯ್ಡ್ ಫೋನುಗಳೂ ಬಿಸಿಯಾಗುತ್ತವೆ, ಅದಕ್ಕೇ ಮುಟ್ಟಿ ನೋಡಿ ಅಂದಿದ್ದು.

ಎರಡು ಸಿಮ್ ಇಟ್ಟುಕೊಂಡವರು ಗಮನಿಸಿ. ನಥಿಂಗ್ ಫೋನ್ 2ರಲ್ಲಿ ಎರಡೂ ಕೂರುತ್ತವೆ. ಇಲ್ಲಿ ಸಿಗುವ ಹೆಚ್ಚಿನ ಐಫೋನ್‌ಗಳಲ್ಲಿ ಒಂದೇ ಜಾಗ, ಇನ್ನೊಂದು ಇ-ಸಿಮ್ (ಕಾರ್ಡ್ ಇಲ್ಲದೆ ಫೋನಿನೊಳಗೇ ಇರುವ ಸಿಮ್) ಆಗಬೇಕು. ಐಫೋನ್ 14ರವರೆಗೆ ಚಾರ್ಜರ್ ಪಿನ್ನೂ ಬೇರೆ. 2023ರಲ್ಲಿ ಬಂದ 15ರಿಂದ ಟೈಪ್-ಸಿ.

ನಥಿಂಗ್ ಬೆನ್ನಿನ ದೀಪ ನೋಡಿ ಸುಮ್ನೆ ಮರುಳಾಗಬೇಡಿ. ನಮ್ಮ ಹುಡುಗ ಆಗಿಬಿಟ್ಟಿದ್ದ. ಸರ್ವಿಸ್ ಊರಲ್ಲೇ ಸಿಗುತ್ತಾ, ಹೈದರಾಬಾದಿಗೆ ಕಳಿಸಬೇಕಾ ಅಂತ ದುಡ್ಡು ಕೊಡುವ ಮೊದಲೇ ಕೇಳಿ. ನನ್ನ ಹಳೇ ಫೋನಿನ ಡಿಸ್ಪ್ಲೇ ಬರಲು 18 ದಿನ ಹಿಡಿದಿತ್ತು.