ಸಹಿ ಹಾಕುವ ಅಧಿಕಾರ ಸಿಗುವವರೆಗಿನ ಸಂಬಳ

2013ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ತರಬೇತಿ ತಂತ್ರಜ್ಞನಾಗಿ ಸೇರಿದಾಗ ನನಗೆ ಬರುತ್ತಿದ್ದುದು ತಿಂಗಳಿಗೆ 9,000 ರೂಪಾಯಿ ಸ್ಟೈಪೆಂಡ್. ಎಎಂಇ (ವಿಮಾನ ನಿರ್ವಹಣಾ ಎಂಜಿನಿಯರ್) ಕೋರ್ಸಿಗೆಂದು ಅಪ್ಪ ಅಡಿಕೆ ತೋಟದ ಮೇಲೆ ಮಾಡಿದ್ದ ಸಾಲದ ಕಂತು ಕಟ್ಟಿದರೆ ಪಿಜಿಯ ಬಾಡಿಗೆಗೇ ಪರದಾಡಬೇಕಾಗುತ್ತಿತ್ತು. ವಿಮಾನದ ಕೆಲಸವೆಂದರೆ ಮೊದಲ ದಿನದಿಂದಲೇ ಕೈತುಂಬ ಸಂಬಳವೆಂದು ಊರಿನವರಂತೆ ನಾನೂ ನಂಬಿದ್ದೆ.

ನೈಟ್ ಶಿಫ್ಟಿನಲ್ಲಿ ಏರ್‌ಬಸ್ ಎ320 ವಿಮಾನ ಬಂದು ನಿಂತರೆ ಪಾರ್ಕಿಂಗ್ ಬ್ರೇಕ್ ಹಾಕಿಸಿ, ಟಾರ್ಚ್ ಬೆಳಕಿನಲ್ಲಿ ಬ್ರೇಕಿನ ಸವೆತ ತೋರಿಸುವ ವೇರ್ ಪಿನ್ ಎಷ್ಟು ಉಳಿದಿದೆಯೆಂದು ನೋಡುವವನು ನಾನು. ಸವೆದ ಚಕ್ರ ಬಿಚ್ಚಿ ಹೊಸದನ್ನು ಏರಿಸಿ, ಅದನ್ನು ತಿರುಗಿಸುತ್ತಲೇ ಟಾರ್ಕ್ ವ್ರೆಂಚಿನಿಂದ ಆಕ್ಸಲ್ ನಟ್ಟು ಬಿಗಿಯುವವನೂ ನಾನೇ. ಆದರೆ ವಿಮಾನದ ದುರಸ್ತಿ ದಾಖಲೆಯಾದ ಟೆಕ್ ಲಾಗಿನಲ್ಲಿ ಸಹಿ ಹಾಕಿ ವಿಮಾನವನ್ನು ಹಾರಾಟಕ್ಕೆ ಬಿಡುವವರು ಬೇರೆ. ನೂರೆಂಬತ್ತು ಜನರ ಪ್ರಾಣದ ಹೊಣೆ ಆ ಸಹಿಯ ಮೇಲಿರುವುದರಿಂದ ಅವರ ಸಂಬಳ ನನ್ನದರ ಹಲವು ಪಟ್ಟು ಇದ್ದುದು ನ್ಯಾಯವೇ ಆಗಿತ್ತು.

ಆ ಸಹಿಯ ಲೈಸೆನ್ಸಿಗಾಗಿ ನಾಗರಿಕ ವಿಮಾನಯಾನ ನಿಯಂತ್ರಕ ಡಿಜಿಸಿಎ ನಡೆಸುವ ಪರೀಕ್ಷೆಯ ಪ್ರತಿ ಮಾಡ್ಯೂಲಿನಲ್ಲೂ 75 ಶೇಕಡಾ ಅಂಕ ಬೇಕು. ಗ್ಯಾಸ್ ಟರ್ಬೈನ್ ಎಂಜಿನ್ನಿನ 15ನೆಯ ಮಾಡ್ಯೂಲ್ ನನಗೆ ಮೂರನೆಯ ಯತ್ನದಲ್ಲಿ ದಕ್ಕಿತು. ಅದಕ್ಕಿಂತ ನೋವಾದದ್ದು, ಮಾಡಿದ ಕೆಲಸ ಬರೆದಿಡುವ ನನ್ನ ಲಾಗ್‌ಬುಕ್ ವಿಚಾರದಲ್ಲಿ: ಮೇಲ್ವಿಚಾರಕರು ವರ್ಗವಾಗಿ ಹೋದಾಗ ಮೂರು ತಿಂಗಳ ಕೆಲಸಕ್ಕೆ ಸಹಿ ಪಡೆಯದೆ ಉಳಿದು, ಅಷ್ಟು ಅನುಭವ ಲೆಕ್ಕಕ್ಕೇ ಬರಲಿಲ್ಲ. ಆ ವಾರದ ಕೆಲಸಕ್ಕೆ ಆ ವಾರವೇ ಸಹಿ ಹಾಕಿಸಿಕೊಳ್ಳಿ ಎಂದು ಹೊಸಬರಿಗೆ ಈಗಲೂ ಬೇಡಿಕೊಳ್ಳುತ್ತೇನೆ.

2016ರಲ್ಲಿ ಬಿ1.1 (ಟರ್ಬೈನ್ ಎಂಜಿನ್ನಿನ ವಿಮಾನಗಳ ನಿರ್ವಹಣೆಯ) ಲೈಸೆನ್ಸ್ ಕೈಗೆ ಬಂದರೂ ಸಂಬಳ ಏರಿದ್ದು 28,000ಕ್ಕೆ ಮಾತ್ರ, ಏಕೆಂದರೆ ಟೈಪ್ ರೇಟಿಂಗ್ (ನಿರ್ದಿಷ್ಟ ಮಾದರಿಯ ವಿಮಾನಕ್ಕೆ ಪಡೆಯುವ ಅರ್ಹತೆ) ಇಲ್ಲದ ಲೈಸೆನ್ಸಿನಿಂದ ಎ320ಗೆ ಸಹಿ ಹಾಕುವಂತಿಲ್ಲ. ಅನೇಕರು ಇಲ್ಲಿಯೇ ಬೇಸತ್ತು ಕೆಲಸ ಬಿಡುತ್ತಾರೆ. ಮುಂದಿನ ಮೆಟ್ಟಿಲೇ ಎಲ್ಲಕ್ಕಿಂತ ಎತ್ತರದ್ದೆಂದು ಆಗ ಯಾರೂ ಹೇಳುವುದಿಲ್ಲ. ಮೂರು ವರ್ಷ ಕಂಪನಿ ಬಿಡುವುದಿಲ್ಲವೆಂದು ಬಾಂಡ್ ಬರೆದುಕೊಟ್ಟು ಟೈಪ್ ರೇಟಿಂಗ್ ಪಡೆದೆ. 2018ರಲ್ಲಿ ಸಹಿ ಹಾಕಲು ಕಂಪನಿಯ ಅಧಿಕಾರಪತ್ರ ಸಿಕ್ಕ ತಿಂಗಳೇ ಸಂಬಳ 85,000 ಆಯಿತು. 2020ರಲ್ಲಿ ಹಾರಾಟ ನಿಂತಾಗ ಭತ್ಯೆಗಳು ಕಡಿತವಾದವು, ಆದರೂ ನಿಂತ ವಿಮಾನಗಳಿಗೂ ಆರೈಕೆ ಬೇಕಿದ್ದರಿಂದ ಕೆಲಸ ಉಳಿಯಿತು. ಎ320ಯ ಹೊಸ ಆವೃತ್ತಿಯಾದ ನಿಯೋದ ಎಂಜಿನ್ನಿನ ತರಬೇತಿಯೂ ಸೇರಿ ಈಗ ಭತ್ಯೆಸಹಿತ ಒಂದೂವರೆ ಲಕ್ಷ ದಾಟಿದೆ.

ಆದ್ದರಿಂದ ಸಂದರ್ಶನಕ್ಕೆ ಹೊರಟ ಹುಡುಗ ಹುಡುಗಿಯರಿಗೆ ನಾನು ಹೇಳುವುದಿಷ್ಟೇ: ಆರಂಭದ ಸಂಬಳದಲ್ಲಿ ಎರಡು ಸಾವಿರ ಹೆಚ್ಚು ಕೇಳುವ ಬದಲು, ಟೈಪ್ ರೇಟಿಂಗ್ ಯಾವಾಗ ಕೊಡಿಸುತ್ತೀರಿ, ಖರ್ಚು ಯಾರದು, ಬಾಂಡ್ ಎಷ್ಟು ವರ್ಷದ್ದು ಎಂದು ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ.